ವಿಳಾಸದಕ್ಕ
‘ಟಕ್’ ಎಂದು ಕೀಲಿಮಣೆಯ ಓರೆಗೆರೆಯ (/) ಕೀಲಿ ಸದ್ದು ಮಾಡಿತೆಂದರೆ, ಗ್ರಂಥಾಲಯದ ವೆಬ್‌ಸೈಟಿಗೆ ವಿಳಾಸದಕ್ಕ ಮತ್ತೊಂದು ದಾರಿ ಹಾಕಿದಳೆಂದೇ ಅರ್ಥ. ಯಾವ ವಿಳಾಸ ಬಂದರೆ ಯಾವ ಪುಟ ತೆರೆಯಬೇಕೆಂಬ ಮಾದರಿಗಳನ್ನು ಬರೆಯುವುದು ಅವಳ ಕೆಲಸ. ‘ಪುಸ್ತಕ’, ಒಂದು ಓರೆಗೆರೆ, ಆಮೇಲೆ ಸಂಖ್ಯೆಗೊಂದು ಖಾಲಿ ಜಾಗ; ಅಷ್ಟರಲ್ಲೇ ಲಕ್ಷ ಪುಸ್ತಕಗಳಿಗೆ ವಿಳಾಸ ಸಿದ್ಧ. ಮನೆಯಲ್ಲೂ ಅದೇ ಚಾಳಿ. ಗಂಡ ಅಂಗಿ ಎಲ್ಲಿ ಎಂದರೆ, “ಬೀರು, ಓರೆಗೆರೆ, ಎರಡನೇ ಅರೆ, ಓರೆಗೆರೆ, ಬಣ್ಣ ನೀವೇ ತುಂಬ್ಕೊಳ್ಳಿ” ಎನ್ನುತ್ತಾಳೆ. ಯಾವ ವಿಳಾಸಕ್ಕೂ ಒಗ್ಗುವ ಮಾದರಿಯನ್ನು, ಯಂತ್ರ ಮೇಲಿನಿಂದ ಹುಡುಕುವ ಪಟ್ಟಿಯ ಕೊನೆಗೆ ತಳ್ಳಿ, “ಎಲ್ಲರನ್ನೂ ಬನ್ನಿ ಬನ್ನಿ ಅನ್ನೋನು ಬಾಗಿಲಲ್ಲೇ ನಿಂತ್ರೆ ಉಳಿದೋರಿಗೇನು ಕೆಲಸ?” ಎಂದು ಗದರುತ್ತಾಳೆ. ಹಳೆಯ ಮಾದರಿ ಅಳಿಸಲು ಮಾತ್ರ ಅವಳಿಗೆ ಕೈ ಬಾರದು. ಇಂದು ಮೇಲಧಿಕಾರಿ ಅವಳ ಮೇಜಿಗೇ ಬಂದರು. “ಈ ಹಳೇ ಜೋಗುಳದ ವಿಳಾಸಕ್ಕೆ ದಿನಕ್ಕೆ ಒಬ್ರೇ ಬರ್ತಾರಲ್ಲಮ್ಮ, ತೆಗೆದುಬಿಡು.” “ಹನ್ನೊಂದು ವರ್ಷದಿಂದ ದಿನಾ ಮಧ್ಯಾಹ್ನ ಬರ್ತಿದಾರೆ ಸಾರ್. ತೆಗೆದ್ರೆ ನಾಳೆ ‘ಪುಟ ಇಲ್ಲ’ ಅನ್ಬೇಕಾಗತ್ತೆ.” “ಹನ್ನೊಂದು ವರ್ಷ ತೊಟ್ಟಿಲಲ್ಲೇ ಇರೋ ಮಗು ಯಾವುದಮ್ಮ?” ಎಂದು ನಕ್ಕವರು, ತಮ್ಮ ಮಾತು ತಮಗೇ ಕೇಳಿಸಿದಂತೆ, ಪರದೆಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದರು. “ಅದನ್ನ ನಾನು ಕೇಳಿಲ್ಲ ಸಾರ್, ದಾರಿ ಇಟ್ಟಿದೀನಿ ಅಷ್ಟೆ. ನೀರು ಕುಡ್ಕೊಂಡು ಬರ್ತೀನಿ” ಎಂದು ಅವಳು ಎದ್ದಳು. “ಸರಿ, ಅದೊಂದು ಇರ್ಲಿ, ಮಿಕ್ಕ ಹಳೇವನ್ನೆಲ್ಲಾ...” ಎಂದು ಅವರು ಮುಂದುವರಿಸುವಷ್ಟರಲ್ಲಿ ವಿಳಾಸದಕ್ಕ ಬಾಗಿಲು ದಾಟಿಯಾಗಿತ್ತು.