ಖೀಮಾ ಅನ್ನಬೇಡಿ, ಉಸುಳಿ ಅನ್ನಿ

ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಮ್ಮ ಕಾಕಾ ಮೊನ್ನೆ ಖೀಮಾ ತಿಂದು ಆಸ್ಪತ್ರೆ ಸೇರಿದ!

ಗಾಬರಿಯಾಗಬೇಡಿ, ಮಾಂಸದ ಖೀಮಾ ಅಲ್ಲ. ಸೋಯಾ, ಬಟಾಣಿಯಿಂದ ಮಾಡಿ, ಥೇಟ್ ಕೊಚ್ಚಿದ ಮಾಂಸದಂತೆ ಕಾಣಿಸಿ, ಪ್ಯಾಕೆಟ್ಟಿನಲ್ಲಿ ಮಾರುತ್ತಾರಲ್ಲ, ಆ ‘ವೆಜ್ ಖೀಮಾ’.

ಯರಗುಪ್ಪಿಯಿಂದ ಬಂದ ಕಾಕಾ ಕುಂದಗೋಳದಲ್ಲಿ ಬಸ್ಸಿಳಿದವನೇ ತಲೆ ತಿರುಗಿ ಕುಸಿದುಬಿಟ್ಟ. ಜೊತೆಗಿದ್ದ ಅವನ ಹೆಂಡತಿ, ನಮ್ಮ ಚಿಗವ್ವ, ಅಳುತ್ತ ಫೋನ್ ಮಾಡಿದಳು. ನಾನು ಇದೇ ಊರಿನವಳು, ಓಡಿದೆ. ಆಸ್ಪತ್ರೆಗೆ ಒಯ್ದು ನೋಡಿದರೆ ಬಿ.ಪಿ. ಅಟ್ಟ ಹತ್ತಿ ಕೂತಿದೆ. ಕಾಲು ಬಾತು ಚಪ್ಪಲಿಯೊಳಗೆ ಹೋಗುತ್ತಿಲ್ಲ.

“ಲಕ್ವಾ ಹೊಡಿಲಿಲ್ಲ, ನಿಮ್ಮ ಪುಣ್ಯಾ” ಅಂದರು ಡಾಕ್ಟರ್. “ಉಪ್ಪು ಎಷ್ಟ ತಿಂತಾರ್ರಿ ಇವರು?”

“ಚಿಟಿಕಿ ಅಷ್ಟ ಹಾಕ್ತೇನ್ರಿ ಸಾಹೇಬ್ರ. ದೇವ್ರಾಣಿ!” ಅಂದಳು ಚಿಗವ್ವ.

ಆಕೆ ಸುಳ್ಳು ಹೇಳಿರಲಿಲ್ಲ. ಹಾಗಾದರೆ ಉಪ್ಪು ಎಲ್ಲಿಂದ ಬಂತು?

ಮಳೆಗಾಲದಲ್ಲಿ ಜ್ವರ ಬಂದು ಕಾಕಾ ಸೊರಗಿದ್ದ. ಆಗ ಇದೇ ಡಾಕ್ಟರ್ ಎರಡು ಮಾತು ಹೇಳಿದ್ದರು: ಉಪ್ಪು ಕಡಿಮೆ ಮಾಡಿ, ಪ್ರೋಟೀನ್ ಜಾಸ್ತಿ ಮಾಡಿ. ಕಾಕಾನ ಅಳಿಯನ ಕಿವಿಗೆ ಬಿದ್ದದ್ದು ಎರಡನೆಯ ಮಾತು ಮಾತ್ರ. ಅಳಿಯ ಹುಬ್ಬಳ್ಳಿಯವನು, ದಿನಾ ಜಿಮ್ಮಿಗೆ ಹೋಗುತ್ತಾನೆ. (ಅವನ ತೋಳು ನೋಡಿದ ಮೇಲೆ ಪ್ರೋಟೀನ್ ವಿಷಯದಲ್ಲಿ ಎದುರಾಡುವ ಧೈರ್ಯ ಯಾರಿಗೂ ಬರುವುದಿಲ್ಲ.) ಮಾವನಿಗೆಂದು ಚೀಲ ತುಂಬ ಪ್ಯಾಕೆಟ್ ಹೊತ್ತು ತಂದ.

“ಅಗದಿ ಶುದ್ಧ ಶಾಕಾಹಾರಿ ಐತ್ರಿ. ಹಸರ ಚುಕ್ಕಿ ನೋಡ್ರಿ ಬೇಕಾದ್ರ” ಅಂದ.

ಚಿಗವ್ವ ಚಾಳೀಸು ಏರಿಸಿ ನೋಡಿದಳು. ಚುಕ್ಕಿಯೇನೋ ಹಸಿರೇ. ಅದರ ಬಾಜೂಕ್ಕೆ ಬರೆದದ್ದು ಮಾತ್ರ ಖೀಮಾ!

ನಮ್ಮ ಕಡೆ ಅಳಿಯ ತಂದದ್ದನ್ನು ತಿರುಗಿ ಕಳಿಸುವುದುಂಟೇ? ಹಾಗಂತ ಆ ಹೆಸರು ನೆರೆಮನೆಯವರ ಕಣ್ಣಿಗೆ ಬಿದ್ದರೆ ಗತಿಯೇನು? ಅಳಿಯ ಹೊಸಿಲು ದಾಟುತ್ತಲೇ ಚಿಗವ್ವ ತೀರ್ಪು ಕೊಟ್ಟಳು: “ತಿನ್ನೂದು ತಿನ್ನೂಣು. ಆದ್ರ ಆ ಹೆಸರು ನನ್ನ ಅಡಗಿ ಮನ್ಯಾಗ ಬ್ಯಾಡ.” ಪ್ಯಾಕೆಟ್ ಕತ್ತರಿಸಿ, ಒಳಗಿನದನ್ನು ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಹೆಸರಿದ್ದ ಕವರುಗಳೆಲ್ಲ ನೀರೊಲೆಗೆ ಹೋದವು. ಅಂದಿನಿಂದ ಅದಕ್ಕೆ ಆ ಮನೆಯಲ್ಲಿ ಒಂದೇ ಹೆಸರು: ಉಸುಳಿ.

ಉಸುಳಿ ಅಂದರೆ ನಿಮಗೆ ಗೊತ್ತಲ್ಲ? ಮೊಳಕೆ ಬಂದ ಮಡಕಿ ಕಾಳಿಗೆ ಉಳ್ಳಾಗಡ್ಡಿ ಒಗ್ಗರಣೆ ಹಾಕಿ ಮಾಡುವ ಪಲ್ಯ. ಹೆಸರು ಉಸುಳಿ ಎಂದಾದ ಮೇಲೆ ಮಾಡುವುದೂ ಉಸುಳಿಯ ಹಾಗೆಯೇ. ಒಗ್ಗರಣೆ ಬಿತ್ತು, ಮೇಲೊಂದು ಚಿಟಿಕೆ ಉಪ್ಪೂ ಬಿತ್ತು. ತಿಂಗಳುಗಟ್ಟಲೆ ಸಪ್ಪನ ಊಟ ಉಂಡು ನಾಲಿಗೆ ಸತ್ತಿದ್ದ ಕಾಕಾ ಒಂದು ತುತ್ತು ತಿಂದವನೇ, “ಏನ್ ಕೈಗುಣಾನ ನಿಂದು! ಚಿಟಿಕಿ ಉಪ್ಪಿನ್ಯಾಗ ಇಷ್ಟ ರುಚಿ?” ಅಂದನಂತೆ. ಚಿಗವ್ವ ಹಿಗ್ಗಿದಳು. ಎರಡೂ ಹೊತ್ತು ರೊಟ್ಟಿಯ ಜೊತೆ ಅದೇ. ಮಡಕಿ ಕಾಳು ನೆನೆಸುವುದೇ ನಿಂತುಹೋಯಿತು. ಬಾಯಾರಿಕೆ ಅಂತ ಕಾಕಾ ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದ. ಉಪ್ಪು ತಿಂದವ ನೀರು ಕುಡಿಯಬೇಕು, ಸರಿ. ಆದರೆ ತಿಂದದ್ದು ಉಪ್ಪು ಅಂತ ಅವನಿಗೆ ಗೊತ್ತಿರಬೇಕಲ್ಲ?

ನಡುವೆ ತಪಾಸಣೆಗೆ ಹೋದಾಗ ಡಾಕ್ಟರ್ ಕೇಳಿದ್ದರಂತೆ, ಏನು ತಿನ್ನುತ್ತಿದ್ದೀರಿ ಎಂದು.

“ಉಸುಳಿ ರಿ.”

“ಭಾಳ ಛಲೋ. ಇನ್ನೊಂದೀಟ ಜಾಸ್ತಿ ತಿನ್ರಿ!”

ಅವರನ್ನಾದರೂ ಹೇಗೆ ಬೈಯುವುದು? ಉಸುಳಿ ತಿನ್ನಬೇಡ ಅಂದ ಡಾಕ್ಟರ್ ಈ ಭೂಮಿಯ ಮೇಲೆ ಎಲ್ಲಾದರೂ ಇದ್ದಾರೆಯೇ?

ಇದೆಲ್ಲ ಬಯಲಾದದ್ದು ಅಳಿಯ ಆಸ್ಪತ್ರೆಗೆ ಬಂದಾಗ. ಕೈಯಲ್ಲಿ ಮತ್ತೆ ಚೀಲ. “ಮಾವಾರಿಗೆ ಉಸುಳಿ ತಂದೇನ್ರಿ ಅಕ್ಕಾರ” ಅಂದ. (ಅತ್ತೆಯ ಭಾಷೆ ಅವನಿಗೂ ರೂಢಿಯಾಗಿತ್ತು!)

“ಉಸುಳಿ ಪ್ಯಾಕೆಟ್ಟಿನ್ಯಾಗ ಯಾವಾಗಿಂದ ಬರಾಕತ್ತೇತಪಾ?” ಅಂತ ಕೇಳಿ ಕಸಿದುಕೊಂಡೆ.

ಮುಂದೆ ‘ಪ್ರೋಟೀನ್’ ಅಂತ ಹೆಬ್ಬೆರಳು ಗಾತ್ರದ ಕನ್ನಡ ಅಕ್ಷರ. ಹಿಂದೆ ಇರುವೆ ಕಾಲಿನಂಥ ಇಂಗ್ಲಿಷ್. ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆ. ಪ್ರೋಟೀನ್ ಇರುವುದು ನಿಜ, ನಾರಿನಂಶವೂ ಇದೆ. ಸುಳ್ಳು ಹೇಳಬಾರದು. ಜಿಡ್ಡಿನ ರುಚಿ ಬರಲೆಂದು ಕೊಬ್ಬರಿ ಎಣ್ಣೆ ಹಾಕಿದ್ದಾರೆ. ಕೆಳಗೆ, ಎಲ್ಲದರ ಕೊನೆಗೆ, ಸೋಡಿಯಂ. ಅದನ್ನು ಎರಡೂವರೆ ಪಟ್ಟು ಮಾಡಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಮಾಡಿ ನೋಡಿದೆ. ಮೈ ಉರಿದುಹೋಯಿತು! ಚಿಗವ್ವ ತನ್ನ ಚಿಟಿಕೆ ಹಾಕುವ ಮೊದಲೇ ಕಾರ್ಖಾನೆಯವರು ಮುಷ್ಟಿ ಹಾಕಿ ಕಳಿಸಿದ್ದರು.

“ನಾ ಪ್ರೋಟೀನ್ ಅಷ್ಟ ನೋಡಿದ್ನ್ರಿ ಅಕ್ಕಾರ” ಅಂದ ಅಳಿಯ. ಅಷ್ಟು ದಪ್ಪ ತೋಳಿನವನ ದನಿ ಸಣ್ಣಗಾಗಿತ್ತು.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಪ್ರೋಟೀನ್ ನೋಡಿದ, ಚಿಗವ್ವ ಚುಕ್ಕಿ ನೋಡಿದಳು. ಹಸಿರು ಚುಕ್ಕಿ ಇದ್ದರೆ ಕಣ್ಣು ಮುಚ್ಚಿ ತಿನ್ನಬಹುದು ಅಂತ ನಂಬಿದ ಜನ ನಾವು. ಅದು ಮಾಂಸವಿಲ್ಲ ಎಂದಷ್ಟೇ ಹೇಳುತ್ತದೆ, ಮೈಗೆ ಒಳ್ಳೆಯದು ಎಂದಲ್ಲ. ಇದನ್ನು ನಮಗೆ ಯಾರು ಬಿಡಿಸಿ ಹೇಳಿದ್ದಾರೆ?

‘ಮಾಂಸಕ್ಕೆ ಬದಲಿ’ ಅಂತ ಬೇರೆ ಬರೆದಿದ್ದಾರೆ. ಮಾಂಸ ತಿನ್ನುವವರು ಅದನ್ನು ಬಿಟ್ಟು ಇದನ್ನು ತಿಂದರೆ ಅದಕ್ಕೊಂದು ಅರ್ಥವಿದೆ. ಮಾಂಸವನ್ನೇ ತಿನ್ನದ ನಮ್ಮ ಕಾಕಾನಿಗೆ ಇದು ಯಾವುದಕ್ಕೆ ಬದಲಿ? ಅವನ ತಾಟಿನಿಂದ ಎದ್ದುಹೋದದ್ದು ಮಡಕಿ ಕಾಳು! ಅದರಲ್ಲೂ ಪ್ರೋಟೀನ್ ಇತ್ತು, ನಾರಿತ್ತು. ಉಪ್ಪು ಮಾತ್ರ ಚಿಗವ್ವನ ಕೈಯಲ್ಲಿತ್ತು.

ಕಾಕಾ ಈಗ ಮನೆಗೆ ಬಂದಿದ್ದಾನೆ. ಸೋಮವಾರದ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ಅವನೇ. ಈ ಸೋಮವಾರ ಬಾತ ಕಾಲು ಮಡಚಲಾಗದೆ ಗೋಡೆ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಪೇಟಿ ಬೇರೆಯವರ ಮುಂದಿತ್ತು.

ಚಿಗವ್ವ ನನ್ನ ಕೈ ಹಿಡಿದು ಕೇಳಿದಳು, “ಹೆಸರು ಬದಲಿ ಮಾಡಿದ್ದ ನಂದು ತಪ್ಪಾತೇನವಾ?”

ಖೀಮಾಕ್ಕೆ ಉಸುಳಿ ಅಂದದ್ದು ಚಿಗವ್ವನ ತಪ್ಪು, ಒಪ್ಪೋಣ. ಉಪ್ಪಿಗೆ ಸೋಡಿಯಂ ಅಂದದ್ದು ಯಾರ ತಪ್ಪು?