ಎಲಿ ನುಂಗಿ ಕೂಗಿದ ಸವಾಲು

ಹಳೇ ಕಾರು ಕೊಂಡು ಮಾರೂದ್ರಾಗ ಹಾನಗಲ್ಲಿಂದ ಹಿರೇಕೆರೂರ ತನಕ ನನಗ ಸರಿಸಾಟಿ ಯಾರೂ ಇದ್ದಿಲ್ಲ. ಆದ್ರ ಸವಣೂರಾಗ ದೊಡ್ಡ ಮನೆತನದವರ ಒಂದು ವಾಡೇದ ಅಂಗಳದಾಗ ಬ್ರಿಟಿಷರ ಕಾಲದ ಕಾರು ಲಿಲಾವಿಗೆ ಬಂದಾಗ ನನ್ನ ಬಾಯಿತುಂಬ ಎಲಿ-ತಂಬಾಕು. ಶಿಗ್ಗಾಂವಿ ಸಾವಕಾರ ಸವಾಲು ಕೂಗಿಬಿಟ್ಟ. ಲಿಲಾವಿನ ಸಾಹೇಬ್ರು "ಒಂದ ಸಲ, ಎರಡ ಸಲ" ಅಂದ್ರು. ಕಾರು ಕೈ ಬಿಟ್ಟು ಹೊಂಟಿತ್ತು; ನಾ ನಿಂತಲ್ಲೇ ಕುಣ್ಯಾಕತ್ತೆ. ಅಂಥವರ ಅಂಗಳದಾಗ ಉಗುಳೂದು ಹೆಂಗ? ಗಟಕ್ಕನ ನುಂಗಿ, ಸಾವಕಾರನಕಿಂತ ಹೆಚ್ಚಿಗೆ ಕೂಗಿದೆ.

ಕೂಡ್ಲೇ ಬಿಕ್ಕಳಿಕಿ ಹತ್ತಿತು. ನಾ "ಹಾಕ್!" ಅಂತ ಬಿಕ್ಕಿದ್ರ, ಸಾಹೇಬ್ರು ಅದನ್ನೂ ಸವಾಲಂತ ತಿಳದು ಮ್ಯಾಲೆ ನೂರು ರೂಪಾಯಿ ಹಾಕಿದ್ರು. ಮತ್ತ "ಹಾಕ್!", ಮತ್ತ ನೂರು.

"ನಿಮ್ಮ ಮ್ಯಾಲೆ ನೀವ ಏರಸಾಕತ್ತೀರಲ್ರೀ, ನಾ ಮನಿಗೆ ಹೋಗ್ಲ್ಯಾ?" ಅಂದ ಸಾವಕಾರ.

ಹನ್ನೊಂದು ಬಿಕ್ಕಿಗೆ ಕಾರು ನಂದಾತು. ಮನಿಗೆ ಹೊಡಕೊಂಡು ಹೊಂಟಾಗ ಬಂಕಾಪುರದ ಏರಿನಾಗ ಅದೂ ನನ್ನಂಗ ಬಿಕ್ಕಾಕತ್ತಿತು. ಪುಣ್ಯಕ್ಕ ಅದರ ಬಿಕ್ಕಿಗೆ ಯಾರೂ ನೂರು ಹಾಕಲಿಲ್ಲ.