ಬಾವುಟಕ್ಕೊಂದು ಹಾಜರಿ ಪುಸ್ತಕ

ಇವತ್ತು ಮಧ್ಯಾಹ್ನ ಮೊಮ್ಮಗಳ ಶಾಲೆಯ ಚೀಲ ಕೊಡವಿದಾಗ ಪೆನ್ಸಿಲ್ ಸಿಪ್ಪೆಯ ಜೊತೆ ಒಂದು ಕಾಗದದ ಬಾವುಟ ಬಿತ್ತು. ಬೂಂದಿ ಲಾಡಿನ ಎಣ್ಣೆ ಹತ್ತಿ ಅಂಟಂಟಾಗಿತ್ತು. ಆ ಬೂಂದಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮರಾಠಿ ನೆಲದ ನಿಗಡಿಯಲ್ಲಿದ್ದ ನಮ್ಮ ಹಳೆಯ ಹೌಸಿಂಗ್ ಸೊಸೈಟಿ ನೆನಪಾಗಿ ತಲೆ ಬಿಸಿಯಾಯಿತು. ಸ್ವಾತಂತ್ರ್ಯದ ದಿನ ತಲೆ ಬಿಸಿ ಮಾಡಿಕೊಳ್ಳಬಾರದು, ನಿಜ. ಆದರೆ ನೀವು ಪೂರ್ತಿ ಕೇಳಿ, ಆಮೇಲೆ ಬುದ್ಧಿ ಹೇಳಿ.

ತೊಂಬತ್ತರ ದಶಕದ ಮಾತು. ನಮ್ಮ ಸೊಸೈಟಿಯ ಸೆಕ್ರೆಟರಿ ಕಾಕಾ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಹಾಜರಿ ತೆಗೆದು ನಿವೃತ್ತರಾದವರು. ಕೆಲಸ ಬಿಟ್ಟರೂ ಚಟ ಬಿಟ್ಟಿರಲಿಲ್ಲ. ಆಗಸ್ಟ್ ಹದಿನೈದಕ್ಕೂ ಅವರಿಗೊಂದು ಹಾಜರಿ ಮಸ್ಟರ್ ಬೇಕು! ಬಾವುಟ ಏರಿದ ಮೇಲೆ ದೊಡ್ಡವರೆಲ್ಲ ಶಾಲೆಯ ಹುಡುಗರಂತೆ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಹೇಳಬೇಕು, ಹೇಳಿದವರ ಹೆಸರಿಗೆ ಗುರುತು ಬೀಳಬೇಕು. ಅಕ್ಷರ ದುಂಡಗಿದೆ ಎಂದು ಮಸ್ಟರು ನನ್ನ ಕೈಗೆ ಬಂತು. ಸುಳ್ಳೇಕೆ ಹೇಳಲಿ, ಅದು ಕೈಗೆ ಬಂದದ್ದೇ ನನಗೂ ಎರಡು ಕೊಂಬು ಬಂದವು.

ಮೂರನೆಯ ಮಹಡಿಯ ನಮ್ಮ ಮನೆಗೆ ಲಿಫ್ಟ್ ಇರಲಿಲ್ಲ. ಧಾರವಾಡದಿಂದ ನಮ್ಮ ಜೊತೆ ಇರಲು ಬಂದಿದ್ದ ಅತ್ತೆಗೆ ಮೊಣಕಾಲು ನೋವು.

“ಅತ್ತೀ, ಬರದಿದ್ರ ನಿಮ್ಮ ಹೆಸರಿನ ಮುಂದ ಗೈರಹಾಜರಿ ಬೀಳ್ತದ್ರಿ,” ಎಂದೆ.

“ಬಿದ್ರ ಬೀಳ್ಲಿ. ಪಾವಟಿಗಿ ಮ್ಯಾಲೆ ನಾ ಬೀಳೂಕಿಂತ ಚಲೋ,” ಎಂದರು.

ನಾನು ಕೆಳಗಿಳಿದು ದುಂಡಗೆ ‘ಗೈರು’ ಎಂದು ಬರೆದೆ.

ಪ್ರತಿಜ್ಞೆ ಮುಗಿಯಿತು, ಬಟಾಟೆವಡೆ, ಬೂಂದಿ ಮುಗಿದವು. ರಜೆ ಸಿಕ್ಕಿದೆ ಎಂದು ಎಲ್ಲರೂ ಒಂದೊಂದು ದಿಕ್ಕಿಗೆ ಹೊರಟರು. ನಾವೂ ಭೋರ್‌ನಲ್ಲಿದ್ದ ನನ್ನ ಅಣ್ಣನ ಮನೆಗೆ ಹೋದೆವು. ಸಂಜೆ ಬಾವುಟ ಇಳಿಸಬೇಕೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಾವು ಮರಳಿದಾಗ ಅತ್ತೆ ಮಲಗಿದ್ದರು.

ಮರುದಿನ ಬೆಳಿಗ್ಗೆ ಕಂಬ ಬೋಳಾಗಿತ್ತು. “ಝೆಂಡಾ ಚೋರೀಲಾ ಗೇಲಾ!” ಬಾವುಟ ಕಳುವಾಯಿತು ಎಂದು ಕಾಕಾ ಮರಾಠಿಯಲ್ಲಿ ಕೂಗುತ್ತ ಎಲ್ಲರನ್ನೂ ಅಂಗಳಕ್ಕೆ ಕರೆದರು. ಪ್ರತಿಜ್ಞೆಗೆ ಬಾರದವರಿಗೆ ದೇಶದ ಮೇಲೆ ಪ್ರೀತಿ ಇಲ್ಲ, ಪ್ರೀತಿ ಇಲ್ಲದವರೇ ಕದ್ದಿರಬೇಕು. ಇದು ಅವರ ತರ್ಕ. ಗೈರಾದವರ ಹೆಸರು ಓದಲು ನನಗೆ ಹೇಳಿದರು. ಮೂರು ಹೆಸರಿದ್ದವು. ಓದಿದೆ. ಮೂರನೆಯದು ನಮ್ಮ ಅತ್ತೆಯದು. ಅದನ್ನೂ ಓದಿದೆ, ಒಂದಿಷ್ಟೂ ತಡವರಿಸದೆ. ನಮ್ಮ ಮನೆಯ ಮುದುಕಿ ಕಳ್ಳಿಯೇನ್ರೀ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೇಲೆ ನಮ್ಮ ಮನೆಯ ಗ್ಯಾಲರಿಯಲ್ಲಿ ನಿಂತು ಕೇಳಿಸಿಕೊಂಡ ಅತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕಂಕುಳಲ್ಲಿ ನೀಟಾಗಿ ಮಡಚಿದ ಬಾವುಟ. ಅವರ ಮರಾಠಿಯಲ್ಲಿ ಮುಕ್ಕಾಲು ಪಾಲು ಧಾರವಾಡವೇ.

“ಚೋರಿ ಗೀರಿ ಏನೂ ಆಗಿಲ್ರಿ. ದೀಪಾ ಹಚ್ಚೂ ಹೊತ್ತಾದ್ರೂ ಹೊರಗ ಹಾರಾಡ್ಲಿಕ್ಕತ್ತಿತ್ತು. ಒಣಾ ಹಾಕಿದ ಅರಿವೀನ ಸಂಜಿಮುಂದ ಹೊರಗ ಬಿಡಂಗಿಲ್ಲ ನಾವು, ಇದನ್ನ ಬಿಡ್ಲೇನು? ಪಾವಟಿಗಿ ಇಳದ ಬಂದು ಗಂಟ ಬಿಚ್ಚೂದ್ರಾಗ ಅರ್ಧಾ ತಾಸ ಹೋತು. ಅಷ್ಟ ಮಂದಿ ಕೈ ಚಾಚಿ ಆಣಿ ಮಾಡಿದ್ರಿ, ಒಬ್ಬರಿಗರ ನೆನಪ ಆಗಬಾರದೇನ್ರಿ?”

ಕಾಕಾ ಕನ್ನಡಕ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, “ವಹಿನಿ, ಆಜೀಂಚಿ ಹಜೇರಿ ಲಾವಾ,” ಎಂದು ಅಜ್ಜಿಯ ಹಾಜರಿ ಹಾಕಲು ಹೇಳಿದರು. ಅಷ್ಟಾದರೂ ಆ ಮಹಾರಾಯರಿಗೆ ಮಸ್ಟರಿನದೇ ಚಿಂತೆ!

“ಬ್ಯಾಡ,” ಎಂದರು ಅತ್ತೆ. “ನಿನ್ನಿ ಮುಂಜಾನೆ ನಾ ಬಂದಿದ್ದಿಲ್ಲ. ಸುಳ್ಳ ಬರೀಬ್ಯಾಡ.”

ಮೆಟ್ಟಿಲು ಹತ್ತುವಾಗ ಅವರ ಕೈ ಹಿಡಿಯಲು ಹೋದೆ. “ನೀ ಮಸ್ಟರ್ ಹಿಡಕೋ,” ಎಂದು ಕೈ ಬಿಡಿಸಿಕೊಂಡರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ನಾನು ತಪ್ಪಾಯಿತು ಎನ್ನಲಿಲ್ಲ, ಇನ್ನು ಅನ್ನಲು ಅವರಿಲ್ಲ.

ಈಗ ನಾನು ವಿಮಾನ ನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಬೆಳಿಗ್ಗೆ ಇಲ್ಲಿಯೂ ಮೈಕು, ಭಾಷಣ, ಚಾಚಿದ ಕೈಗಳು. ನನ್ನದೂ ಚಾಚಿತ್ತು. ಸಂಜೆ ಆರಾಗುತ್ತಲೇ ಗ್ಯಾಲರಿಯಿಂದ ಇಣುಕಿದೆ. ಅಂಗಳದಲ್ಲಿ ಒಂದು ನರಪಿಳ್ಳೆ ಇಲ್ಲ. ಕೆಳಗಿಳಿದು ಕಂಬದ ಹತ್ತಿರ ಹೋದರೆ ವಾಚ್‌ಮನ್ ಓಡಿ ಬಂದು, ಇಳಿಸಲು ನಿಮಗೆ ಯಾರು ಹೇಳಿದರು ಎಂದು ಮರಾಠಿಯಲ್ಲಿ ಗದರಿದ.

ನಮ್ಮ ಅತ್ತೆ ಎಂದೆ.